ಬಿಸಿಲು ಬೇರೆ, ಸೆಕೆ ಬೇರೆ: ಗೋವಾದಲ್ಲಿ ಓಟ ಕೈಕೊಟ್ಟದ್ದು ಎಲ್ಲಿ?

ಪ್ರಶ್ನೆ: ನನಗೆ 43 ವರ್ಷ. ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕ. ಮೂರು ವರ್ಷಗಳಿಂದ ಈಜು, ಸೈಕಲ್, ಓಟ ಅಭ್ಯಾಸ ಮಾಡುತ್ತಿದ್ದೇನೆ. ಈ ಮೂರನ್ನೂ ಒಂದೇ ದಿನ ಬೆನ್ನುಬೆನ್ನಿಗೆ ಮಾಡಬೇಕಾದ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಮೊದಲ ಬಾರಿ ಹೋಗಿದ್ದೆ. 1.9 ಕಿ.ಮೀ. ಈಜಿಗೆ 46 ನಿಮಿಷ, 90 ಕಿ.ಮೀ. ಸೈಕಲ್ಲಿಗೆ 3 ಗಂಟೆ 18 ನಿಮಿಷ. ಸೈಕಲ್ ಅಂದುಕೊಂಡ ವೇಗದಲ್ಲೇ ಹೋಯಿತು. ಹೃದಯ ಬಡಿತ ಮಾತ್ರ ಅಭ್ಯಾಸದಲ್ಲಿ 138 ಇರುತ್ತಿದ್ದದ್ದು 152ರ ಆಸುಪಾಸಿನಲ್ಲಿತ್ತು. ಉತ್ಸಾಹಕ್ಕೆ ಹಾಗಾಗಿರಬೇಕು ಎಂದುಕೊಂಡೆ. ಹನ್ನೊಂದೂವರೆಗೆ ಓಟ ಶುರು ಮಾಡಿದೆ. ನಾಲ್ಕನೇ ಕಿಲೋಮೀಟರಿಗೇ ಕಾಲು ಭಾರ. ನೀರು ಕೊಡುವ ಪ್ರತಿ ಜಾಗದಲ್ಲೂ ಎರಡು ಲೋಟ ಕುಡಿದೆ, ಅರ್ಧ ಗಂಟೆಗೊಂದು ಉಪ್ಪಿನ ಮಾತ್ರೆ ನುಂಗಿದೆ. ಹೊಟ್ಟೆಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಒಂಬತ್ತನೇ ಕಿಲೋಮೀಟರಿನಲ್ಲಿ ವಾಂತಿಯಾಯಿತು; ಆಮೇಲೆ ಆ ಬಿಸಿಲಿನಲ್ಲೂ ಚಳಿಯಾದಂತೆ ಮೈ ನವಿರೆದ್ದಿತು. ಉಳಿದದ್ದನ್ನು ಹೆಚ್ಚುಕಡಿಮೆ ನಡೆದೇ ಮುಗಿಸಿದೆ. 21.1 ಕಿ.ಮೀ.ಗೆ 3 ಗಂಟೆ 21 ನಿಮಿಷ! ಬೆಂಗಳೂರಿನಲ್ಲಿ ಇದೇ ದೂರವನ್ನು 2 ಗಂಟೆ 5 ನಿಮಿಷದಲ್ಲಿ ಓಡಿದ್ದೇನೆ. ಸಂಜೆ ಬೆರಳು ಊದಿ ಉಂಗುರ ತೆಗೆಯಲಾಗಲಿಲ್ಲ. ಓಟದ ಅಭ್ಯಾಸ ಸಾಲದಾಯಿತೇ? ನೀರು ಇನ್ನೂ ಹೆಚ್ಚು ಕುಡಿಯಬೇಕಿತ್ತೇ? ಯಾವ ಉಪ್ಪಿನ ಮಾತ್ರೆ ಒಳ್ಳೆಯದು? ನನ್ನ ಹೆಂಡತಿ ಇನ್ನು ಇದೆಲ್ಲ ಸಾಕು ಎನ್ನುತ್ತಿದ್ದಾಳೆ. ಮತ್ತೆ ಹೋಗಬಹುದೇ?

ಉತ್ತರ: ನೀವು ಕೇಳುತ್ತಿರುವುದರ ಉತ್ತರ ನಿಮ್ಮ ಪತ್ರದ ಒಂದು ಸಾಲಿನಲ್ಲೇ ಇದೆ. ಅದನ್ನು ನೀವು ದೂರಿನಂತಲ್ಲ, ತುಸು ಹೆಮ್ಮೆಯಿಂದಲೇ ಬರೆದಿದ್ದೀರಿ: “ಸೈಕಲ್ ಅಂದುಕೊಂಡ ವೇಗದಲ್ಲೇ ಹೋಯಿತು.” ತಪ್ಪಿದ್ದು ಅಲ್ಲೇ. ಆ ವೇಗವನ್ನು ನೀವು ಅಂದುಕೊಂಡದ್ದು ಬೆಂಗಳೂರಿನ ಬೆಳಗಿನ ಜಾವದಲ್ಲಿ.

ಬೆಂಗಳೂರಿನ ಸೈಕಲ್ ಸವಾರರ ದಿನಚರಿ ನನಗೆ ಚೆನ್ನಾಗಿ ಗೊತ್ತು, ನಾನೂ ಅವರಲ್ಲೊಬ್ಬ. ಕತ್ತಲಿರುವಾಗಲೇ ಹೊರಟು, ನಂದಿ ಬೆಟ್ಟ ಹತ್ತಿ ಇಳಿದು, ಎಂಟೂವರೆಗೆ ತಟ್ಟೆ ಇಡ್ಲಿಯ ಮುಂದೆ ಕುಳಿತಿರುತ್ತೇವೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಸ್ನಾನ ಮುಗಿಸಿ ಫ್ಯಾನಿನ ಕೆಳಗೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಊರು, 20 ಡಿಗ್ರಿಯ ಆಚೀಚೆ ಸುಳಿಯುವ ಗಾಳಿ. ವರ್ಷವೆಲ್ಲ ಹೀಗೆ ತಯಾರಾದ ದೇಹವನ್ನು ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಮೀರಾಮಾರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ, ನಡು ಹಗಲಿನಲ್ಲಿ ಅರ್ಧ ಮ್ಯಾರಥಾನ್ ಓಡು ಎನ್ನುತ್ತೇವೆ. 2019ರಲ್ಲಿ ಗೋವಾದ ಈ ಸ್ಪರ್ಧೆ ಶುರುವಾದಾಗಿನಿಂದ, ಅದು ನಡೆದಾಗಲೆಲ್ಲ ನಿಮ್ಮಂಥ ಪತ್ರಗಳು ನನಗೆ ಬರುತ್ತವೆ. ಸೈಕಲ್ಲಿನವರೆಗೆ ಎಲ್ಲರ ಕಥೆಯೂ ಸುಖಾಂತ.

ನಮ್ಮ ಭಾಷೆಯಲ್ಲಿ ಬಿಸಿಲಿಗೊಂದು ಪದ, ಸೆಕೆಗೊಂದು ಪದ ಇದೆ. ಕಲಬುರಗಿಯವರು ಬಿಸಿಲಿನ ಬಗ್ಗೆ ಮಾತನಾಡುತ್ತಾರೆ, ಮಂಗಳೂರಿನವರು ಸೆಕೆಯ ಬಗ್ಗೆ. ರಾಯಚೂರಿನ ಮೇ ತಿಂಗಳಿನಲ್ಲಿ 42 ಡಿಗ್ರಿ ಇದ್ದರೂ ಬೆವರು ಹುಟ್ಟಿದ ಕೂಡಲೇ ಆರಿ, ಅಂಗಿಯ ಮೇಲೆ ಬಿಳಿಯ ಉಪ್ಪಿನ ಗೆರೆ ಬಿಡುತ್ತದೆ. ಕರಾವಳಿಯಲ್ಲಿ 32 ಡಿಗ್ರಿಗೇ ಅಂಗಿ ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಂಡು ನೀರು ತೊಟ್ಟಿಕ್ಕುತ್ತದೆ. ನೀರಿನ ಮಣ್ಣಿನ ಹೂಜಿಯನ್ನು ನೆನಪಿಸಿಕೊಳ್ಳಿ: ಬಯಲುಸೀಮೆಯಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗುತ್ತದೆ, ಕರಾವಳಿಯಲ್ಲಿ ಅದೇ ಹೂಜಿ ಹೊರಗೆಲ್ಲ ಒದ್ದೆಯಾಗಿ ಕುಳಿತಿರುತ್ತದೆ, ಒಳಗಿನ ನೀರು ಅಷ್ಟಾಗಿ ತಣ್ಣಗಾಗುವುದಿಲ್ಲ. ತಂಪು ಬರುವುದು ಒದ್ದೆಯಾಗುವುದರಿಂದಲ್ಲ, ಆರುವುದರಿಂದ. ನೆಲಕ್ಕೆ ತೊಟ್ಟಿಕ್ಕಿದ ಬೆವರು ನಿಮ್ಮ ನೀರನ್ನೂ ಉಪ್ಪನ್ನೂ ಕೊಂಡೊಯ್ದಿತು, ಬಿಸಿಯನ್ನು ನಿಮ್ಮಲ್ಲೇ ಬಿಟ್ಟುಹೋಯಿತು.

ನೀವು ಲೆಕ್ಕದವರು, ಆದ್ದರಿಂದ ಸ್ವಲ್ಪ ಲೆಕ್ಕವನ್ನೇ ಇಡುತ್ತೇನೆ. ನಿಮ್ಮ ತೂಕ, ವೇಗದವರು ಸೈಕಲ್ಲಿನ ಪೆಡಲಿಗೆ ಸುಮಾರು 160 ವ್ಯಾಟ್ ಶಕ್ತಿ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ದೇಹ ಸುಡುವ ಇಂಧನದಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಪೆಡಲಿಗೆ ಹೋಗುತ್ತದೆ, ಮಿಕ್ಕದ್ದೆಲ್ಲ ಶಾಖ. ಅಂದರೆ 600 ವ್ಯಾಟಿನ ಒಂದು ಒಲೆ ಮೂರೂ ಕಾಲು ಗಂಟೆ ನಿಮ್ಮೊಳಗೆ ಉರಿಯುತ್ತಿತ್ತು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೌಲ್ ಶಾಖ ಹೊರಹೋಗುತ್ತದೆ. ಹಾಗಾಗಿ ಬೆವರೊಂದರಿಂದಲೇ ಲೆಕ್ಕ ಚುಕ್ತಾ ಆಗಬೇಕಾದರೆ ಗಂಟೆಗೆ 900 ಮಿಲಿಲೀಟರ್ ಬೆವರು ಆರಬೇಕು. ಸುರಿಯುವುದಲ್ಲ, ಆರುವುದು. ಹತ್ತರಲ್ಲಿ ಒಂದು ಪಾಲು ಬಾಕಿ ಉಳಿದರೂ 70 ಕಿಲೋ ತೂಕದ ದೇಹದ ಒಳಬಿಸಿ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಸೈಕಲ್ ಮೇಲೆ ಗಂಟೆಗೆ 27 ಕಿ.ಮೀ. ಗಾಳಿ ಮೈಮೇಲೆ ಹಾಯುತ್ತಿತ್ತು, ಬಾಕಿ ಗೊತ್ತಾಗಲಿಲ್ಲ. ಇಳಿದು ಓಡತೊಡಗಿದಾಗ ಗಾಳಿ 9 ಕಿ.ಮೀ.ಗೆ ಇಳಿಯಿತು. ಉರಿಯುವ ಒಲೆಯ ಮುಂದೆ ನಿಂತವನ ಫ್ಯಾನ್ ಆರಿಸಿದಂತೆ. ನಾಲ್ಕನೇ ಕಿಲೋಮೀಟರಿನಲ್ಲಿ ಕಾಲು ಭಾರವಾದದ್ದು ಕಾಲಿನ ದೋಷವಲ್ಲ. ಬೆಳಿಗ್ಗೆಯಿಂದ ಏರುತ್ತ ಬಂದ ಸಾಲದ ವಸೂಲಿ.

ಅದರ ನೋಟಿಸು ನಿಮಗೆ ಬೆಳಿಗ್ಗೆಯೇ ಬಂದಿತ್ತು. 138 ಇರಬೇಕಾದ ಬಡಿತ 152. ಉತ್ಸಾಹಕ್ಕೆ ಬಡಿತ ಮೊದಲ ಹದಿನೈದು ಇಪ್ಪತ್ತು ನಿಮಿಷ ಏರುವುದು ಸಹಜ; ಮೂರು ಗಂಟೆ ಯಾರಿಗೂ ಉತ್ಸಾಹವಿರುವುದಿಲ್ಲ. ಸೆಕೆಯಲ್ಲಿ ಹೃದಯಕ್ಕೆ ಇಬ್ಬರು ಯಜಮಾನರು. ಸ್ನಾಯುಗಳಿಗೂ ರಕ್ತ ಬೇಕು, ಶಾಖ ಹೊರಹಾಕಲು ಚರ್ಮಕ್ಕೂ ಬೇಕು. ಬೆವರಿನಿಂದಾಗಿ ಇರುವ ರಕ್ತದ ಪ್ರಮಾಣವೂ ಇಳಿಯುತ್ತಿರುತ್ತದೆ, ಹಾಗಾಗಿ ಅದು ಹೆಚ್ಚು ಸಲ ಬಡಿದು ತೂಗಿಸುತ್ತದೆ. ಇಬ್ಬರಿಗೂ ಸಾಲದಾದಾಗ ಮೊದಲು ಪಡಿತರ ಕಡಿತವಾಗುವುದು ಜಠರ, ಕರುಳಿಗೆ. ನಿಮ್ಮ ಹೊಟ್ಟೆಯಲ್ಲಿ ನೀರು ಗುಳುಗುಳು ಎಂದದ್ದು ಅದಕ್ಕೇ: ಕುಡಿದ ನೀರು ಮುಂದೆ ಸಾಗದೆ ಅಲ್ಲೇ ನಿಂತಿತ್ತು. ಅದರ ಮೇಲೆ ಉಪ್ಪಿನ ಮಾತ್ರೆ ಬಿದ್ದರೆ ಹೊಟ್ಟೆ ತೊಳಸದೆ ಇನ್ನೇನಾಗುತ್ತದೆ?

ಇಲ್ಲಿ ಒಂದು ಅನ್ಯಾಯವನ್ನೂ ಹೇಳಬೇಕು, ಯಾರೂ ಹೇಳುವುದಿಲ್ಲ. ಗೋವಾದಲ್ಲಿ ಗೆಲ್ಲುವವರು ಇದನ್ನು ಐದು ಗಂಟೆಯೊಳಗೆ ಮುಗಿಸುತ್ತಾರೆ. ಬಿಸಿಲು ನಡುನೆತ್ತಿಗೆ ಬರುವ ಹೊತ್ತಿಗೆ ಅವರು ನೆರಳು ಸೇರಿರುತ್ತಾರೆ. ನೀವು ಆಗಷ್ಟೇ ಬೂಟಿನ ದಾರ ಕಟ್ಟುತ್ತಿರುತ್ತೀರಿ. ಹವ್ಯಾಸಿಗಳು ನಿಧಾನಿಗಳಷ್ಟೇ ಅಲ್ಲ, ಹೆಚ್ಚು ಕಠಿಣವಾದ ಇನ್ನೊಂದು ಸ್ಪರ್ಧೆಯನ್ನೇ ಮಾಡುತ್ತಾರೆ. ಟೋಕಿಯೊ ಒಲಿಂಪಿಕ್ಸಿನಲ್ಲಿ 2021ರ ಜುಲೈ 26ರಂದು ಪುರುಷರ ಟ್ರಯಥ್ಲಾನನ್ನು (ಇದೇ ಈಜು, ಸೈಕಲ್, ಓಟ; ದೂರ ಮಾತ್ರ ಕಡಿಮೆ) ಸೆಕೆಗೆ ಹೆದರಿ ಬೆಳಿಗ್ಗೆ ಆರೂವರೆಗೆ ಶುರು ಮಾಡಿದ್ದರು. ಆದರೂ ಚಿನ್ನ ಗೆದ್ದ ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ ಗುರಿ ದಾಟಿದ ಮೇಲೆ ನೆಲಕ್ಕುರುಳಿ ವಾಂತಿ ಮಾಡಿಕೊಂಡರು. ಅವರ ಸ್ಪರ್ಧೆ ಎರಡು ಗಂಟೆಯೊಳಗಿನದು. ನೀವು ವಾಂತಿ ಮಾಡಿಕೊಂಡದ್ದಕ್ಕೆ ನಾಚಿಕೆಪಡಬೇಕಾಗಿಲ್ಲ.

ಆದರೆ ಆ ಮೈ ನವಿರೆದ್ದದ್ದು? ಅದನ್ನು ಓದುವಾಗ ನನಗೇ ಚಳಿಯಾಯಿತು. ಕೆಂಡದಂಥ ಬಿಸಿಲಿನಲ್ಲಿ ಚಳಿಯಾದಂತೆ ಅನ್ನಿಸುವುದು ದೇಹದ ತಾಪ ನಿಯಂತ್ರಣ ಹದ ತಪ್ಪುತ್ತಿರುವುದರ ಗುರುತು. ನೀವು ಅಲ್ಲಿ ನಡೆಯತೊಡಗಿದಿರಲ್ಲ, ಆ ದಿನ ನೀವು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅದು. ಸೋತೆ ಎಂದು ನಡೆದಿರಬಹುದು. ನಡೆದದ್ದರಿಂದ ಒಳಗಿನ ಒಲೆ ಸಣ್ಣದಾಯಿತು. ಹಟಕ್ಕೆ ಬಿದ್ದು ಓಡಿದ್ದರೆ ಈ ಪತ್ರವನ್ನು ನಿಮ್ಮ ಮನೆಯವರು ಬರೆಯಬೇಕಾಗುತ್ತಿತ್ತೋ ಏನೋ.

ನನ್ನದೇ ಕಥೆ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಕರಾವಳಿಯಲ್ಲಿ ನನ್ನ ಮೊದಲ ಸ್ಪರ್ಧೆ. ವೈದ್ಯನೆಂಬ ಅಹಂಕಾರ ಬೇರೆ. ಹದಿನಾಲ್ಕನೇ ಕಿಲೋಮೀಟರಿನಲ್ಲಿ ತೆಂಗಿನ ಮರದ ಬುಡದಲ್ಲಿ ಕುಳಿತವನನ್ನು ಸ್ವಯಂಸೇವಕ ಹುಡುಗನೊಬ್ಬ ಹೆಸರು ಕೇಳಿದನಂತೆ. ನಾನು ನನ್ನ ಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಹೇಳಿದೆನಂತೆ! ಅವನು ಮರುಮಾತಿಲ್ಲದೆ ಐಸ್ ತುಂಬಿದ ನೀರಿನ ದೊಡ್ಡ ಟಬ್ಬಿಗೆ ನನ್ನನ್ನು ಇಳಿಸಿದ. ಆ ಹುಡುಗ ಮಾಡಿದ್ದು ನೂರಕ್ಕೆ ನೂರು ಸರಿ. ದೇಹದ ಒಳಬಿಸಿ 40 ಡಿಗ್ರಿ ದಾಟಿ ಬುದ್ಧಿ ಕಲಸಿದರೆ ಅದು ಶಾಖಾಘಾತ. ಮೊದಲು ತಣ್ಣೀರಿನಲ್ಲಿ ಮುಳುಗಿಸಬೇಕು, ಆಂಬುಲೆನ್ಸ್ ಆಮೇಲೆ. ಅರ್ಧ ಗಂಟೆಯೊಳಗೆ ತಣಿಸಿದರೆ ಬಹುತೇಕರು ಉಳಿಯುತ್ತಾರೆ. ಜ್ವರದ ಮಾತ್ರೆ ಇದಕ್ಕೆ ಏನೂ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನಂತೂ ಸ್ಪರ್ಧೆಯ ದಿನ ಹತ್ತಿರಕ್ಕೂ ಸೇರಿಸಬೇಡಿ. ಒಣಗಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ. ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

1982ರ ಫೆಬ್ರುವರಿಯಲ್ಲಿ ಹವಾಯಿಯ ಐರನ್‌ಮ್ಯಾನ್‌ನಲ್ಲಿ ಮಹಿಳೆಯರಲ್ಲಿ ಮುಂದಿದ್ದ ಜೂಲಿ ಮಾಸ್ ಕೊನೆಯಲ್ಲಿ ಕುಸಿದು, ಅಂಬೆಗಾಲಿಟ್ಟು ಗುರಿ ಮುಟ್ಟಿದರು. 2016ರಲ್ಲಿ ಮೆಕ್ಸಿಕೊದ ಕೊಜುಮೆಲ್‌ನ ಟ್ರಯಥ್ಲಾನ್‌ನಲ್ಲಿ ತೂರಾಡುತ್ತಿದ್ದ ಬ್ರಿಟನ್ನಿನ ಜಾನಿ ಬ್ರೌನ್‌ಲಿಯವರನ್ನು ಅಣ್ಣ ಅಲಿಸ್ಟರ್ ತೋಳು ಕೊಟ್ಟು ಗುರಿಯವರೆಗೆ ಕರೆತಂದರು. ಎರಡನ್ನೂ ಜನ ಕಣ್ಣೀರು ಹಾಕಿಕೊಂಡು ನೋಡುತ್ತಾರೆ. ನಾನು ನೋಡುವಾಗ ಐಸ್ ಟಬ್ ಎಲ್ಲಿದೆ ಎಂದು ಹುಡುಕುತ್ತೇನೆ. ವೃತ್ತಿಯ ದೋಷ.

ಈಗ ನಿಮ್ಮ ನೀರಿನ ಪ್ರಶ್ನೆ. ಇನ್ನೂ ಕುಡಿಯಬೇಕಿತ್ತೇ ಎಂದಿರಿ. ನನ್ನ ಅನುಮಾನ ಅದಕ್ಕೆ ತಿರುಗುಮುರುಗು: ನೀವು ಹೆಚ್ಚು ಕುಡಿದಿದ್ದೀರಿ. ಬೆರಳು ಊದುವುದು ಸೆಕೆಗೂ ಆಗುತ್ತದೆ, ಅದೊಂದರಿಂದಲೇ ತೀರ್ಪು ಕೊಡಲಾರೆ. ಆದರೆ ನಡೆಯುವಾಗ ಬೆವರು ಕಡಿಮೆ, ನೀರಿನ ಲೋಟ ಮಾತ್ರ ಪ್ರತಿ ಸಲವೂ ಎರಡು. ಕಳೆದುಕೊಂಡದ್ದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ; ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಅದು ಕಾಯಿಲೆ. ತಲೆನೋವು, ವಾಂತಿ, ಗೊಂದಲ, ಕೊನೆಗೆ ಸೆಳವು. ಮೇಲುನೋಟಕ್ಕೆ ನೀರು ಸಾಲದವನಂತೆಯೇ ಕಾಣುವುದರಿಂದ ಪಕ್ಕದವರು ಇನ್ನಷ್ಟು ನೀರು ಕುಡಿಸುತ್ತಾರೆ. ಇದು ನಾಲ್ಕು ಗಂಟೆ ದಾಟಿದ ಸ್ಪರ್ಧೆಗಳಲ್ಲಿ, ಅದರಲ್ಲೂ ನಿಧಾನವಾಗಿ ಸಾಗುವವರಲ್ಲಿ ಕಾಣುವ ತೊಂದರೆ. ಉಪ್ಪಿನ ಮಾತ್ರೆ ನುಂಗಿದ್ದೇನಲ್ಲ ಎನ್ನಬೇಡಿ. ಮಿತಿಮೀರಿ ಕುಡಿದ ನೀರನ್ನು ಮಾತ್ರೆ ಸರಿಮಾಡುವುದಿಲ್ಲ.

ಅಳತೆಯಿಲ್ಲದೆ ಇದಕ್ಕೆ ಉತ್ತರವಿಲ್ಲ, ಅಳತೆಯೋ ಬಲು ಸುಲಭ. ಒಂದು ತೂಕದ ಯಂತ್ರ ಸಾಕು. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಟ್ಟೆ ಕಳಚಿ ತೂಗಿಕೊಳ್ಳಿ, ಒಂದು ಗಂಟೆ ಸ್ಪರ್ಧೆಯ ಶ್ರಮದಲ್ಲಿ ಸೈಕಲ್ ತುಳಿಯಿರಿ, ಬೆವರು ಒರೆಸಿ ಮತ್ತೆ ತೂಗಿ. 71.4 ಕಿಲೋ ಇದ್ದದ್ದು 70.1ಕ್ಕೆ ಇಳಿದಿದೆ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಎಂದಾದರೆ ನಿಮ್ಮ ಬೆವರು ಗಂಟೆಗೆ 1.8 ಲೀಟರ್. ಕೆಲವರದು ಅರ್ಧ ಲೀಟರ್, ಕೆಲವರದು ಎರಡನ್ನು ಮೀರುತ್ತದೆ. ಪಕ್ಕದ ಮನೆಯವನ ಲೆಕ್ಕ ನಿಮಗೆ ಬಾರದು. ಹೆಚ್ಚು ಬೆವರುವವರ ಹೊಟ್ಟೆ ಅಷ್ಟನ್ನು ಒಳಗೆಳೆದುಕೊಳ್ಳಲಾರದು, ಗಂಟೆಗೆ 700–800 ಮಿಲಿಲೀಟರಿನ ಮೇಲೆ ಬಹುತೇಕರಿಗೆ ಕಷ್ಟ. ಹಾಗಾಗಿ ಪೂರ್ತಿ ತುಂಬಿಸುವ ಹಟ ಬೇಡ. ಸ್ಪರ್ಧೆ ಮುಗಿದಾಗ ಒಂದೂವರೆ ಕಿಲೋ ಇಳಿದಿದ್ದರೆ ಚಿಂತೆಯಿಲ್ಲ. ಏರಿದ್ದರೆ ಚಿಂತೆ.

ಉಪ್ಪಿನ ಮಾತ್ರೆಗಳಲ್ಲಿ ಯಾವುದು ಒಳ್ಳೆಯದೆಂಬ ಪ್ರಶ್ನೆಗೆ ನಾನು ಬ್ರಾಂಡಿನ ಹೆಸರು ಹೇಳುವುದಿಲ್ಲ. ಡಬ್ಬಿಯ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಓದಿ. ಉಪ್ಪು ಎಷ್ಟು ಎಂಬುದು ಬೇರೆ, ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸೋಡಿಯಂ 390 ಮಿಲಿಗ್ರಾಂ ಅಷ್ಟೆ. ಅಂಗಿಯ ಮೇಲೆ ದಪ್ಪ ಬಿಳಿ ಗೆರೆ ಬೀಳುವವರಿಗೆ ಹೆಚ್ಚು ಬೇಕಾದೀತು. ಎಳನೀರಿನ ಮೇಲೆ ನಮಗಿರುವ ಭಕ್ತಿ ಅಪಾರ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ನಾವು ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಸ್ಪರ್ಧೆ ಮುಗಿದ ಮೇಲೆ ಕುಡಿಯಿರಿ, ಸೊಗಸಾಗಿರುತ್ತದೆ. ಹಿಂದಿನ ರಾತ್ರಿಗೆ ಕರಾವಳಿಯವರ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ: ಅನ್ನ, ನೀರು, ಉಪ್ಪು ಮೂರೂ ಒಂದೇ ಬಟ್ಟಲಿನಲ್ಲಿ.

ಮುಖ್ಯ ಮಾತಿಗೆ ಬರುತ್ತೇನೆ. ಓಟದ ಅಭ್ಯಾಸ ಸಾಲದಾಯಿತೇ? ಇಲ್ಲ. 2 ಗಂಟೆ 5 ನಿಮಿಷದವನಿಗೆ ಬೇಕಾದ ಕಾಲು ನಿಮಗಿದೆ. ಸಾಲದಾದದ್ದು ಸೆಕೆಯ ಅಭ್ಯಾಸ. ಈಜು, ಸೈಕಲ್, ಓಟದಂತೆ ಅದೂ ಕಲಿತರೆ ಬರುವ ವಿದ್ಯೆ, ಅದೂ ಬೇಗ ಬರುತ್ತದೆ. ಸತತವಾಗಿ ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ 60ರಿಂದ 90 ನಿಮಿಷ ಬಿಸಿಯಲ್ಲಿ ಹಗುರವಾಗಿ ಶ್ರಮಪಟ್ಟರೆ ದೇಹ ಬದಲಾಗುತ್ತದೆ. ಮೊದಲ ನಾಲ್ಕೈದು ದಿನಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಅದೇ ವೇಗಕ್ಕೆ ಬಡಿತ ಇಳಿಯುತ್ತದೆ. ಎರಡನೇ ವಾರಕ್ಕೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಎರಡು ಮೂರು ವಾರಗಳಲ್ಲಿ ಬಹುಪಾಲು ಕರಗಿಹೋಗುವ ಗಳಿಕೆ ಇದು. ಆದ್ದರಿಂದ ಬೇಸಿಗೆಯಲ್ಲಿ ಮಾಡಿ ನವೆಂಬರಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ಸ್ಪರ್ಧೆಗೆ ಮೂರು ವಾರ ಇರುವಾಗ ತೊಡಗಿ, ಕೊನೆಯ ನಾಲ್ಕು ದಿನ ವಿಶ್ರಾಂತಿಗೆ ಬಿಡಿ.

ಬೆಂಗಳೂರಿನಲ್ಲಿ ಸೆಕೆ ಎಲ್ಲಿಂದ ತರುವುದು? ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸೈಕಲ್ಲನ್ನು ಟ್ರೈನರಿಗೆ (ನಿಂತಲ್ಲೇ ತುಳಿಯಲು ಸೈಕಲ್ಲನ್ನು ಹಿಡಿದಿಡುವ ಸ್ಟ್ಯಾಂಡು) ಕಟ್ಟಿ ತುಳಿಯಿರಿ. ಅರ್ಧ ಗಂಟೆಯಲ್ಲಿ ಆ ಕೋಣೆ ಮಂಗಳೂರು. ವೇಗ ನೋಡಬೇಡಿ, ಬಡಿತ ನೋಡಿ. ಒಬ್ಬರೇ ಇರುವಾಗ ಮಾಡಬೇಡಿ. ಇನ್ನೊಂದು ದಾರಿ ವ್ಯಾಯಾಮ ಮುಗಿದ ಮೇಲೆ 40 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕತ್ತಿನವರೆಗೆ ಮುಳುಗಿ ಕೂರುವುದು. ಪರದೇಶದ ಆಟಗಾರರು ಇದನ್ನು ಹೊಸ ವಿದ್ಯೆಯೆಂಬಂತೆ ಮಾಡುತ್ತಿದ್ದಾರೆ. ದೀಪಾವಳಿಗೆ ಎಣ್ಣೆ ಹಚ್ಚಿ, ಹಂಡೆಯ ಸುಡುನೀರು ಹುಯ್ದು, ಕಂಬಳಿ ಹೊದಿಸಿ ಬೆವರಿಸುತ್ತಿದ್ದ ನನ್ನ ಅಜ್ಜಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದಳು. ಎದ್ದೇಳುವಾಗ ಬವಳಿ ಬರಬಹುದು, ನಿಧಾನ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಈ ಎರಡನ್ನೂ ಮಾಡಬಾರದು. ನೆಗಡಿಯ ಮಾತ್ರೆಗಳಲ್ಲಿ ಕೆಲವು ಬೆವರನ್ನೇ ತಡೆಯುತ್ತವೆ. ಸ್ಪರ್ಧೆಯ ವಾರ ಜ್ವರ, ಭೇದಿ ಬಂದರೆ ಆ ವರ್ಷದ ಶುಲ್ಕ ಹೋಯಿತೆಂದುಕೊಂಡು ಮನೆಯಲ್ಲಿರಿ.

ಸ್ಪರ್ಧೆಯ ದಿನ ಸೈಕಲ್ಲನ್ನು ಬಡಿತಕ್ಕೆ ತುಳಿಯಿರಿ, ವೇಗಕ್ಕಲ್ಲ. 142 ದಾಟಿತೇ, ಗೇರ್ ಇಳಿಸಿ. ಯಾರು ಹಿಂದೆ ಹಾಕಿ ಹೋದರೂ ಹೋಗಲಿ. 27 ಕಿ.ಮೀ. ಬದಲು 25.7ಕ್ಕೆ ಬಂದರೆ 90 ಕಿ.ಮೀ.ಗೆ ನೀವು ಕಳೆದುಕೊಳ್ಳುವುದು ಹನ್ನೆರಡು ನಿಮಿಷ. ನಡೆಯದೆ ಓಡಿದರೆ ಓಟದಲ್ಲಿ ಸಿಗುವುದು ಅದರ ಮೂರು ಪಟ್ಟಾದರೂ ಇದ್ದೀತು. ಈಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ನೀವು ಚೆನ್ನಾಗಿದ್ದೀರಿ; ಗೋವಾದ ಆ ಬೆಚ್ಚನೆಯ ಸಮುದ್ರದಲ್ಲಿ ಮೊದಲೇ ಮೈ ಕಾಯಿಸಿಕೊಳ್ಳುವಷ್ಟು ಜೋರು ಬೇಡ, ಅಷ್ಟೆ.

ಓಟದಲ್ಲಿ ಐಸ್ ಸಿಕ್ಕಲ್ಲೆಲ್ಲ ಕುಡಿಯುವುದಕ್ಕಿಂತ ಮೊದಲು ಮೈಗೆ ಬಳಸಿ. ಟೋಪಿಯೊಳಗೆ, ಟ್ರೈಸೂಟಿನ (ಸ್ಪರ್ಧೆಗೆ ತೊಡುವ ಮೈಗಂಟಿದ ಉಡುಪು) ಎದೆಗೆ, ಎರಡೂ ಅಂಗೈಗೆ. ಆಗಲೇ ಒದ್ದೆಯಾದ ಮೈಮೇಲೆ ಬೆಚ್ಚಗಿನ ನೀರು ಸುರಿದುಕೊಂಡರೆ ಸೆಕೆಯಲ್ಲಿ ಅಷ್ಟೇನೂ ಲಾಭವಿಲ್ಲ. ಐಸ್ ಹಾಗಲ್ಲ, ಅದು ಆರಬೇಕಾಗಿಲ್ಲ, ಮುಟ್ಟಿದಲ್ಲೇ ಶಾಖ ಹೀರುತ್ತದೆ. ನೀರು ಬೂಟಿನೊಳಗೆ ಇಳಿಯದಂತೆ ಬಗ್ಗಿ ಸುರಿದುಕೊಳ್ಳಿ, ಇಲ್ಲದಿದ್ದರೆ ಅಂಗಾಲಿಡೀ ಬೊಬ್ಬೆ. ಹೊರಡುವ ಅರ್ಧ ಗಂಟೆ ಮುಂಚೆ ಪಾನಕಕ್ಕೆ ಐಸ್ ಪುಡಿ ಬೆರೆಸಿ ಅರ್ಧ ಲೀಟರಿನಷ್ಟು ಕುಡಿಯಬಹುದು. ಮೊದಲೇ ಅಭ್ಯಾಸದಲ್ಲಿ ಕುಡಿದು ನೋಡಿದ್ದರೆ ಮಾತ್ರ.

ನಿಮ್ಮ ಹೆಂಡತಿಯ ಮಾತಿಗೆ ನಾನು ಅಡ್ಡಬರುವುದಿಲ್ಲ. ಅವರು ಗುರಿಯ ಬಳಿ ನಿಂತು ನಿಮ್ಮ ಮುಖ ನೋಡಿದವರು, ನಾನು ಪತ್ರ ಮಾತ್ರ ಓದಿದವನು. ನನ್ನ ಮಟ್ಟಿಗೆ ನೀವು ಮತ್ತೆ ಹೋಗಬಹುದು. ಎರಡು ಷರತ್ತು. ಒಂದು, ಮೊದಲು ನಿಮ್ಮ ವೈದ್ಯರ ಬಳಿ ಹೃದಯದ ತಪಾಸಣೆ, ರಕ್ತದ ಸೋಡಿಯಂ, ಮೂತ್ರಪಿಂಡದ ಪರೀಕ್ಷೆ ಮುಗಿಸಿ ವರದಿಯನ್ನು ನಿಮ್ಮ ಹೆಂಡತಿಯ ಕೈಗೇ ಕೊಡಿ. ಎರಡು, ಓಟದ ದಾರಿಯಲ್ಲಿ ಅವರು ಒಂದು ಕಡೆ ನಿಂತಿರಲಿ. ನೀವು ಹಾಯುವಾಗ ಇವತ್ತು ಯಾವ ವಾರ, ಎದೆಯ ಮೇಲಿನ ಸಂಖ್ಯೆ ಎಷ್ಟು ಎಂದು ಕೇಳಲಿ. ಉತ್ತರ ತಡವರಿಸಿದರೆ ಅಲ್ಲಿಗೆ ನಿಲ್ಲಿಸುವ ಅಧಿಕಾರ ಅವರದು, ನೀವು ವಾದಿಸುವಂತಿಲ್ಲ. ಈ ಕರಾರನ್ನು ನಾನು ನನ್ನ ಹೆಂಡತಿಯೊಂದಿಗೆ ಮಾಡಿಕೊಂಡಿದ್ದೇನೆ. ಒಮ್ಮೆ ಅವಳು ಅದನ್ನು ಚಲಾಯಿಸಿಯೂ ಇದ್ದಾಳೆ, 17ನೇ ಕಿಲೋಮೀಟರಿನಲ್ಲಿ.

ಬರುವ ಮೂರು ಭಾನುವಾರ ಬೆಳಿಗ್ಗೆ ಐದಕ್ಕೆ ಬೇಡ, ಹನ್ನೊಂದಕ್ಕೆ ಹೊರಡಿ. ಮೂರೂ ದಿನದ ತೂಕ, ಕುಡಿದ ನೀರು, ಸರಾಸರಿ ಬಡಿತ ಬರೆದು ಕಳುಹಿಸಿ. ಉಪ್ಪು ಎಷ್ಟು ಬೇಕೆಂಬುದನ್ನು ಆಗ ಕೂತು ಲೆಕ್ಕ ಹಾಕೋಣ.